ಆಕಾಶದಲ್ಲಿ ಏನೋ ಕಂಡಿತಾ? ಮೊದಲು ಟೈಮ್ ಬರೆದುಕೊಳ್ಳಿ

2025ರ ಫೆಬ್ರವರಿ ಮೊದಲ ವಾರ. ರಾತ್ರಿ 7:40ಕ್ಕೆ ಚಿಕ್ಕಪ್ಪನ ಮಗ ಫೋನ್ ಮಾಡಿದ, ದನಿಯಲ್ಲೇ ಗಾಬರಿ. "ಅಣ್ಣಾ, ಒಂದು ಲೈಟು ಅರ್ಧ ಗಂಟೆಯಿಂದ ನಮ್ಮ ಕಾರಿನ ಜೊತೇಲೇ ಬರ್ತಿದೆ. ನಾವು ನಿಲ್ಲಿಸಿದ್ರೆ ಅದೂ ನಿಲ್ಲತ್ತೆ, ಹೊರಟ್ರೆ ಅದೂ ಹೊರಡತ್ತೆ." ಹಿಂದಿನ ಸೀಟಿನಲ್ಲಿ ಮಗು ಅಳುತ್ತಿತ್ತು, ಅವನ ಹೆಂಡತಿ "ಸುಮ್ನೆ ಇಲ್ಲಿ ನಿಲ್ಲೋದು ಬೇಡ, ಹೋಗೋಣ ರೀ" ಅನ್ನುತ್ತಿದ್ದಳು.

ನಾನು ಕೇಳಿದ್ದು ಎರಡೇ ಪ್ರಶ್ನೆ. ಯಾವ ದಿಕ್ಕು? ಸೂರ್ಯ ಮುಳುಗಿದ ಕಡೆ. ಎಷ್ಟು ಎತ್ತರ? ಕೈ ಉದ್ದಕ್ಕೆ ಚಾಚಿ ಮುಷ್ಟಿ ಹಿಡಿದು ಅಳೆಯೋಕೆ ಹೇಳಿದೆ. ಎರಡು ಮುಷ್ಟಿ ಅಂದ. ಟೈಮು ಹೇಗೂ ಫೋನಿನಲ್ಲೇ ಇತ್ತು. ಅಲ್ಲಿಗೆ ಕೇಸು ಮುಗಿಯಿತು. ಅದು ಶುಕ್ರ ಗ್ರಹ, ಹಳಬರು ಬೆಳ್ಳಿ ಅಂತ ಕರೆಯೋ ಚುಕ್ಕಿ. ಅದು ಕೋಟಿಗಟ್ಟಲೆ ಕಿಲೋಮೀಟರ್ ದೂರ ಇರುವುದರಿಂದ ನೀವು ಇಪ್ಪತ್ತು ಕಿಲೋಮೀಟರ್ ಓಡಿದರೂ ಅದರ ದಿಕ್ಕು ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ಪಕ್ಕದ ಮರ, ಮನೆ ಎಲ್ಲಾ ಹಿಂದಕ್ಕೆ ಓಡುತ್ತವೆ, ಅದೊಂದು ಮಾತ್ರ ಜೊತೆಗೇ ಇರುತ್ತದೆ. ಚಂದಮಾಮ ನಮ್ಮ ಹಿಂದೇನೇ ಬರ್ತಾನೆ ಅಂತ ಚಿಕ್ಕವರಿದ್ದಾಗ ಅಂದುಕೊಂಡಿರಲಿಲ್ವಾ, ಅದೇ ಇದು.

ಇಂಥ ಕರೆಗಳು ನನಗೆ ಆಗಾಗ ಬರುತ್ತವೆ, ಯಾಕೆಂದರೆ ಮನೆಯವರ ಪೈಕಿ ಆಕಾಶ ನೋಡುವ ಹುಚ್ಚು ಇರೋದು ನನಗೊಬ್ಬನಿಗೇ. ಹಾಗಾಗಿ ನಾನು ಮಾಡುವ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಟೆಲಿಸ್ಕೋಪ್ ಬೇಡ. ಒಂದು ಫೋನ್, ಒಂದು ಚೀಟಿ, ನಿಮ್ಮದೇ ಕೈ ಸಾಕು.

ಮೊದಲು ಬರೆಯಿರಿ, ಆಮೇಲೆ ಮಾತಾಡಿ

ಏನೋ ಕಂಡ ತಕ್ಷಣ ನಾವೆಲ್ಲ ಮಾಡೋದು ಪಕ್ಕದವರನ್ನು ಕರೆದು "ಅದೇನದು?" ಅಂತ ಕೇಳೋದು. ಅಲ್ಲೇ ಕೆಡುತ್ತದೆ. ಒಬ್ಬರು ಡ್ರೋನ್ ಅಂತಾರೆ, ಇನ್ನೊಬ್ಬರು ರಾಕೆಟ್ ಅಂತಾರೆ, ಐದು ನಿಮಿಷದಲ್ಲಿ ನೀವು ಕಂಡದ್ದು ಯಾವುದು, ಕೇಳಿದ್ದು ಯಾವುದು ಅಂತ ನಿಮಗೇ ಗೊತ್ತಾಗಲ್ಲ. ಅದಕ್ಕೇ ಮೊದಲು ಫೋನಿನ ನೋಟ್ಸ್‌ನಲ್ಲಿ ಇಷ್ಟು ಬರೆದುಕೊಳ್ಳಿ: ಗಂಟೆ ನಿಮಿಷ ಸಮೇತ ಟೈಮು, ನೀವು ನಿಂತ ಜಾಗ, ದಿಕ್ಕು, ಎತ್ತರ, ಎಷ್ಟು ಹೊತ್ತು ಕಂಡಿತು, ಯಾವ ಕಡೆಯಿಂದ ಯಾವ ಕಡೆಗೆ ಹೋಯಿತು, ಹೇಗೆ ಮರೆಯಾಯಿತು.

ಎತ್ತರ ಅಂದರೆ ಎಷ್ಟು ಅಡಿ ಅಂತ ಅಲ್ಲ, ಕೋನ. ಕೈ ಪೂರ್ತಿ ಚಾಚಿ ಒಂದು ಕಣ್ಣು ಮುಚ್ಚಿ. ಕಿರುಬೆರಳಿನ ಅಗಲ ಸುಮಾರು 1 ಡಿಗ್ರಿ. ಮುಷ್ಟಿ ಸುಮಾರು 10 ಡಿಗ್ರಿ. ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಬಿಡಿಸಿದ ಒಂದು ಗೇಣು 20 ಡಿಗ್ರಿಗೆ ಸ್ವಲ್ಪ ಜಾಸ್ತಿ. ಚಿಕ್ಕವರ ಕೈ ಚಿಕ್ಕದು, ತೋಳೂ ಗಿಡ್ಡ, ಹಾಗಾಗಿ ಲೆಕ್ಕ ಹೆಚ್ಚುಕಡಿಮೆ ಎಲ್ಲರಿಗೂ ಸರಿಹೋಗುತ್ತದೆ. ನಂಬಿಕೆ ಬರದಿದ್ದರೆ ಹುಣ್ಣಿಮೆ ಚಂದ್ರನನ್ನು ಕಿರುಬೆರಳಿನಿಂದ ಮುಚ್ಚಿ ನೋಡಿ. ಪೂರ್ತಿ ಮುಚ್ಚಿ ಇನ್ನೂ ಅಷ್ಟೇ ಜಾಗ ಉಳಿಯುತ್ತದೆ, ಯಾಕೆಂದರೆ ಚಂದ್ರನ ಅಗಲ ಬರೀ ಅರ್ಧ ಡಿಗ್ರಿ. "ತಟ್ಟೆಯಷ್ಟು ದೊಡ್ಡದಿತ್ತು" ಅಂತ ಯಾರಾದರೂ ಹೇಳಿದಾಗ ಈ ಪರೀಕ್ಷೆ ನೆನಪಿಗೆ ಬರಲಿ.

ಬರೆಯಬಾರದ್ದು ಎರಡಿವೆ. ದೂರ ಮತ್ತು ಗಾತ್ರ. ಕತ್ತಲಲ್ಲಿ ಒಂಟಿ ಬೆಳಕು ಕಂಡರೆ ಅದು ನೂರು ಮೀಟರ್ ದೂರದ ಟಾರ್ಚೋ ನೂರು ಕಿಲೋಮೀಟರ್ ದೂರದ ಉಲ್ಕೆಯೋ ಹೇಳುವ ಶಕ್ತಿ ಕಣ್ಣಿಗಿಲ್ಲ. "ಒಂದು ಬಸ್ಸಿನಷ್ಟಿತ್ತು, ಅರ್ಧ ಕಿಲೋಮೀಟರ್ ಮೇಲಿತ್ತು" ಎನ್ನುವುದು ಕಂಡದ್ದಲ್ಲ, ಮನಸ್ಸು ಹಾಕಿದ ಲೆಕ್ಕ. ಈ ಎರಡು ಸಂಖ್ಯೆ ಒಮ್ಮೆ ಬಾಯಿಂದ ಬಂದರೆ ಮುಂದಿನ ತನಿಖೆ ಪೂರ್ತಿ ಅದರ ಹಿಂದೆಯೇ ಓಡುತ್ತದೆ, ವೇಗವೂ ಅದರಿಂದಲೇ ಹುಟ್ಟುತ್ತದೆ, ಕೊನೆಗೆ ಯಾವ ವಿಮಾನಕ್ಕೂ ಸಾಧ್ಯವಿಲ್ಲದ ವೇಗ ಅಂತ ತೀರ್ಮಾನವೂ ಆಗಿಬಿಡುತ್ತದೆ.

ಇನ್ನೊಂದು ಮಾತು, ಅಲುಗಾಟದ ಬಗ್ಗೆ. ಕತ್ತಲ ಹಿನ್ನೆಲೆಯಲ್ಲಿ ಒಂದೇ ಚುಕ್ಕಿಯನ್ನು ದಿಟ್ಟಿಸಿ ನೋಡುತ್ತಿದ್ದರೆ ಅರ್ಧ ನಿಮಿಷದಲ್ಲಿ ಅದು ತೇಲತೊಡಗುತ್ತದೆ, ಎಡಕ್ಕೆ ಜಾರುತ್ತದೆ, ಸುತ್ತು ಹಾಕುತ್ತದೆ. ಚುಕ್ಕಿ ಅಲ್ಲಾಡಿರಲ್ಲ. 1799ರಲ್ಲಿ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ ಟೆನೆರೀಫ್ ದ್ವೀಪದ ಬೆಟ್ಟದ ಮೇಲಿಂದ ನಕ್ಷತ್ರಗಳು ಓಲಾಡುವುದನ್ನು ಕಂಡು ಅದು ನಿಜವಾದ ಚಲನೆ ಎಂದೇ ಬರೆದಿದ್ದ. ಅದು ಕಣ್ಣಿನ ಆಟ ಅಂತ ಗೊತ್ತಾಗಿದ್ದು ಆಮೇಲೆ. ಅಂಥ ವಿಜ್ಞಾನಿಯೇ ಮೋಸ ಹೋದ ಮೇಲೆ ನಮ್ಮದೇನು? ಪರಿಹಾರ ಸುಲಭ. ಒಂದು ಕಂಬಕ್ಕೆ ತಲೆ ಒರಗಿಸಿ ನಿಲ್ಲಿ. ಚುಕ್ಕಿ ಎದುರು ಮನೆಯ ಸಜ್ಜಾದ ಅಂಚಿಗೋ ತಂತಿಗೋ ತಾಗಿದಂತೆ ಕಾಣುವ ಜಾಗ ಹುಡುಕಿ. ಎರಡು ನಿಮಿಷ ಆದ ಮೇಲೂ ಅಂಚಿಗೇ ಅಂಟಿಕೊಂಡಿದ್ದರೆ ಅದು ಅಲ್ಲಾಡುತ್ತಿಲ್ಲ.

ಬೇರೆಯವರು ಕಂಡದ್ದಾದರೆ ಕೇಳುವ ರೀತಿ

ಬಹಳ ಸಲ ಕಂಡವರು ನೀವಲ್ಲ, ಪಕ್ಕದ ಮನೆಯವರೋ ಮಾವನೋ ಆಗಿರುತ್ತಾರೆ. "ತಟ್ಟೆ ತರ ಇತ್ತಾ?" ಅಂತ ಮಾತ್ರ ಕೇಳಬೇಡಿ. ಕೇಳಿದರೆ ತಟ್ಟೆಯೇ ಸಿಗುತ್ತದೆ. 1947ರ ಜೂನ್ 24ರಂದು ಅಮೆರಿಕದ ಪೈಲಟ್ ಕೆನೆತ್ ಆರ್ನಾಲ್ಡ್ ಮೌಂಟ್ ರೇನಿಯರ್ ಹತ್ತಿರ ಒಂಬತ್ತು ವಸ್ತುಗಳನ್ನು ಕಂಡ. ಅವು ನೀರಿನ ಮೇಲೆ ತಟ್ಟೆ ಎಸೆದರೆ ಪುಟಿದು ಹೋಗುವಂತೆ ಹೋದವು ಅಂತ ಚಲನೆಯ ಬಗ್ಗೆ ಹೇಳಿದ. ಪತ್ರಿಕೆಗಳಲ್ಲಿ ಅದು "ಹಾರುವ ತಟ್ಟೆ" ಆಯಿತು. ಅಲ್ಲಿಂದಾಚೆ ಜನರಿಗೆ ಕಂಡದ್ದೆಲ್ಲ ತಟ್ಟೆಯೇ. ಒಂದು ಪದ ಎಷ್ಟು ಕೆಲಸ ಮಾಡಿತು ನೋಡಿ.

ನಾನು ಮಾಡೋದು ಹೀಗೆ. ಅವರನ್ನು ಅದೇ ಜಾಗಕ್ಕೆ, ಸಾಧ್ಯವಾದರೆ ಅದೇ ಹೊತ್ತಿಗೆ ಕರೆದುಕೊಂಡು ಹೋಗುತ್ತೇನೆ. "ಎಲ್ಲಿ ನಿಂತಿದ್ರಿ? ಕೈ ತೋರಿಸಿ, ಎಲ್ಲಿ ಶುರುವಾಯ್ತು? ಎಲ್ಲಿ ಮುಗೀತು?" ಅವರು ಬೆರಳು ತೋರಿಸಿದ ಕಡೆ ಫೋನಿನ ದಿಕ್ಸೂಚಿ ಹಿಡಿದು ಡಿಗ್ರಿ ಬರೆದುಕೊಳ್ಳುತ್ತೇನೆ. ಆಮೇಲೆ ಸ್ಟಾಪ್‌ವಾಚ್ ಒತ್ತಿ, "ಈಗ ಮನಸ್ಸಿನಲ್ಲೇ ಇನ್ನೊಂದು ಸಲ ನೋಡಿ, ಬೆರಳಲ್ಲಿ ದಾರಿ ತೋರಿಸ್ತಾ ಹೋಗಿ, ಮರೆಯಾದಾಗ ಹೇಳಿ" ಅನ್ನುತ್ತೇನೆ. "ಐದು ನಿಮಿಷ ಇತ್ತು" ಅಂದವರು ಹನ್ನೆರಡನೇ ಸೆಕೆಂಡಿಗೆ "ಹಾಂ, ಇಲ್ಲಿಗೆ ಹೋಯ್ತು" ಅಂದದ್ದಿದೆ. ಸುಳ್ಳು ಹೇಳಿದ್ದಲ್ಲ. ಭಯ, ಬೆರಗು ಇದ್ದಾಗ ಹೊತ್ತು ಉದ್ದವಾಗುತ್ತದೆ, ಅಷ್ಟೇ.

ಇಬ್ಬರು ಕಂಡಿದ್ದರೆ ಬೇರೆ ಬೇರೆ ಕೂರಿಸಿ ಚಿತ್ರ ಬರೆಸಿ. ನಗಬೇಡಿ. ಒಮ್ಮೆ ನಕ್ಕರೆ ಮುಂದೆ ಅವರು ಬಾಯಿ ಬಿಡಲ್ಲ. "ಅದೇ ಹೊತ್ತಿಗೆ ಕರೆಂಟ್ ಹೋಯ್ತು, ನಾಯಿ ಬೊಗಳ್ತು" ಅಂದರೆ ಅದನ್ನೂ ಬರೆದುಕೊಳ್ಳಿ, ಆದರೆ ಬೇರೆ ಕಾಲಂನಲ್ಲಿ. ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಗುವುದು ಆಕಾಶದ ಕಥೆಗಳಲ್ಲಿ ಸ್ವಲ್ಪ ಜಾಸ್ತಿಯೇ.

ಎಷ್ಟು ಹೊತ್ತು ಕಂಡಿತು? ಅರ್ಧ ಉತ್ತರ ಅಲ್ಲೇ ಇದೆ

ಬಣ್ಣ, ಆಕಾರ ಎಲ್ಲ ಆಮೇಲೆ. ನನ್ನ ಅನುಭವದಲ್ಲಿ ಜರಡಿ ಹಿಡಿಯೋಕೆ ಹೊತ್ತಿಗಿಂತ ಒಳ್ಳೆಯ ಸಾಧನ ಇಲ್ಲ.

ಕಣ್ಣು ಮಿಟುಕಿಸುವುದರೊಳಗಿಂದ ಹತ್ತು ಸೆಕೆಂಡಿನವರೆಗೆ ಅಂದರೆ ಉಲ್ಕೆ ಅಂತ ಮೊದಲು ಅನುಮಾನಿಸಿ. ಸೆಕೆಂಡಿಗೆ 11ರಿಂದ 72 ಕಿಲೋಮೀಟರ್ ವೇಗದಲ್ಲಿ ಬಂದು, ಸುಮಾರು 100 ಕಿಲೋಮೀಟರ್ ಎತ್ತರದಲ್ಲಿ ಉರಿಯುವ ಕಲ್ಲಿನ ಚೂರು. ದೊಡ್ಡದಾದರೆ ಹಸಿರು, ಕಿತ್ತಳೆ ಬಣ್ಣ ಬರುತ್ತದೆ, ತುಂಡಾಗಿ ಉದುರಿದಂತೆಯೂ ಕಾಣುತ್ತದೆ. "ಆ ಗುಡ್ಡದ ಹಿಂದೇನೇ ಬಿತ್ತು, ನಾನೇ ನೋಡಿದೆ" ಎನ್ನುವ ಮಾತು ಇಲ್ಲಿ ಬಂದೇ ಬರುತ್ತದೆ. ಗುಡ್ಡದ ಹಿಂದೆ ಹುಡುಕಲು ಹೋಗಬೇಡಿ. ಅದು ನೂರಾರು ಕಿಲೋಮೀಟರ್ ಆಚೆ, ಹತ್ತಾರು ಕಿಲೋಮೀಟರ್ ಎತ್ತರದಲ್ಲೇ ಆರಿಹೋಗಿರುತ್ತದೆ, ಭೂಮಿ ಬಾಗಿರುವುದರಿಂದ ಗುಡ್ಡದ ಹಿಂದೆ ಇಳಿದಂತೆ ಕಂಡಿರುತ್ತದೆ. ಆಗಸ್ಟ್ 12-13 ಅಥವಾ ಡಿಸೆಂಬರ್ 13-14ರ ಆಸುಪಾಸು ಕಂಡದ್ದಾದರೆ ಪರ್ಸೀಡ್, ಜೆಮಿನಿಡ್ ಉಲ್ಕಾವೃಷ್ಟಿಗಳ ಕಾಲ ಅದು.

ಶಬ್ದ ಬಂತಾ ಅಂತ ಕೇಳುವಾಗ "ಬೆಳಕು ಕಂಡ ಎಷ್ಟು ಹೊತ್ತಿಗೆ?" ಅಂತ ತಪ್ಪದೆ ಕೇಳಿ. ಶಬ್ದಕ್ಕೆ ಒಂದು ಕಿಲೋಮೀಟರ್ ಬರಲು ಹತ್ತಿರ ಹತ್ತಿರ 3 ಸೆಕೆಂಡ್ ಬೇಕು. 2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ಸುಮಾರು 20 ಮೀಟರ್ ಅಗಲದ ಕಲ್ಲು ಸಿಡಿದಾಗ ಜನ ಬೆಳಕು ನೋಡಲು ಕಿಟಕಿಗೆ ಬಂದರು, ಎರಡು ನಿಮಿಷಕ್ಕೂ ಜಾಸ್ತಿ ಹೊತ್ತಾದ ಮೇಲೆ ಅಲೆ ಬಡಿದು ಗಾಜು ಒಡೆಯಿತು. ಗಾಯವಾದವರು ಸುಮಾರು 1,500 ಮಂದಿ. ಹಾಗಾಗಿ ಹಗಲಿನಂತೆ ಬೆಳಗಿದ ಉಲ್ಕೆ ಕಂಡರೆ ಕಿಟಕಿಯಿಂದ ದೂರ ಸರಿಯಿರಿ, ಲೆಕ್ಕ ಆಮೇಲೆ ಮಾಡೋಣ.

ಅರ್ಧ ನಿಮಿಷದಿಂದ ಆರು ನಿಮಿಷ ಅಂದರೆ ಮನುಷ್ಯರೇ ಮೇಲೆ ಕಳಿಸಿದ್ದು ಇರಬಹುದು. ಮಿನುಗದೆ, ಮಿಂಚು ಹೊಡೆಯದೆ, ಒಂದೇ ವೇಗದಲ್ಲಿ ಆಕಾಶ ದಾಟಿ, ನಡುವೆಯೇ ಇದ್ದಕ್ಕಿದ್ದಂತೆ ಮಸುಕಾಗಿ ಮಾಯವಾದರೆ ಅದು ಉಪಗ್ರಹ. ಮಾಯವಾದದ್ದು ಮಾಟವಲ್ಲ, ಅದು ಭೂಮಿಯ ನೆರಳಿನೊಳಗೆ ಹೋಯಿತು. ತುಂಬಾ ಪ್ರಖರವಾಗಿದ್ದರೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಇರಬಹುದು, ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಒಂದೂವರೆ ಗಂಟೆಗೊಮ್ಮೆ ಭೂಮಿ ಸುತ್ತುತ್ತಿರುತ್ತದೆ. ಸಾಲಾಗಿ ಮುತ್ತು ಪೋಣಿಸಿದ ಹಾಗೆ ಹತ್ತಾರು ಬೆಳಕು ಹೋದರೆ ಸ್ಟಾರ್‌ಲಿಂಕ್, ಅಂದರೆ ಇಂಟರ್‌ನೆಟ್ ಕೊಡುವ ಉಪಗ್ರಹಗಳು. 2019ರ ಮೇ ತಿಂಗಳಲ್ಲಿ ಮೊದಲ 60 ಒಟ್ಟಿಗೆ ಹೋದಾಗಿನಿಂದ ಇದು ಜನರನ್ನು ಬೆಚ್ಚಿಬೀಳಿಸುತ್ತಲೇ ಇದೆ. ಉಡಾವಣೆಯಾದ ಮೊದಲ ಕೆಲವು ದಿನ ಮಾತ್ರ ಹೀಗೆ ಸಾಲಾಗಿ ಕಾಣುತ್ತದೆ, ಆಮೇಲೆ ಚದುರಿಹೋಗುತ್ತವೆ.

ನಿಧಾನವಾಗಿ, ಅಡ್ಡಡ್ಡ, ಉರಿಯುವ ಚೂರುಗಳ ಮೆರವಣಿಗೆಯಂತೆ ಹೋದರೆ ಅದು ಹಳೆ ರಾಕೆಟ್ಟಿನ ಭಾಗ ವಾಪಸ್ ಬೀಳುತ್ತಿರುವುದು. ಉಲ್ಕೆ ಇಷ್ಟು ನಿಧಾನ ಇರಲ್ಲ. 2022ರ ಏಪ್ರಿಲ್ 2ರಂದು ಮಹಾರಾಷ್ಟ್ರದ ಮೇಲೆ ಇಂಥದ್ದು ಕಂಡಾಗ ಬಹಳ ಜನ ಉಲ್ಕೆ ಅಂದುಕೊಂಡರು. ಚಂದ್ರಪುರ ಜಿಲ್ಲೆಯ ಹಳ್ಳಿಯೊಂದರಲ್ಲಿ ಸುಮಾರು 3 ಮೀಟರ್ ಅಗಲದ ಲೋಹದ ಬಳೆ ಬಿದ್ದಿತ್ತು. ಚೀನಾದ ರಾಕೆಟ್ ಒಂದರ ಭಾಗ ಅಂತ ತಜ್ಞರು ಲೆಕ್ಕ ಹಾಕಿ ಹೇಳಿದರು. ಹೀಗೆ ಏನಾದರೂ ಬಿದ್ದದ್ದು ಸಿಕ್ಕರೆ ಮುಟ್ಟಬೇಡಿ, ವಿಷದ ಇಂಧನ ಅಂಟಿಕೊಂಡಿರಬಹುದು. ಪೊಲೀಸರಿಗೆ ಹೇಳಿ.

ರಾಕೆಟ್ಟಿನ ಇನ್ನೊಂದು ವೇಷ ಇದೆ, ಅದು ನಿಜಕ್ಕೂ ಎದೆ ಝಲ್ ಅನ್ನಿಸುವಂಥದ್ದು. ಸುರುಳಿ. 2009ರ ಡಿಸೆಂಬರ್ 9ರ ಬೆಳಗಿನ ಜಾವ ಉತ್ತರ ನಾರ್ವೆಯ ಆಕಾಶದಲ್ಲಿ ದೈತ್ಯ ಬಿಳಿ ಸುರುಳಿ ಬಿಡಿಸಿಕೊಂಡಿತು. ಕೆಟ್ಟುಹೋದ ರಷ್ಯಾದ ಬುಲಾವಾ ಕ್ಷಿಪಣಿ ಗಿರಗಿರ ತಿರುಗುತ್ತಾ ಹೊಗೆ ಉಗುಳಿದ್ದು ಅದು. 2022ರ ಜೂನ್‌ನಲ್ಲಿ ನ್ಯೂಜಿಲೆಂಡ್ ಮೇಲೆ ಕಂಡ ನೀಲಿ ಸುರುಳಿ ಫಾಲ್ಕನ್ 9 ರಾಕೆಟ್ ಉಳಿದ ಇಂಧನ ಹೊರಹಾಕಿದ್ದರಿಂದ ಆದದ್ದು. ನೆಲದಲ್ಲಿ ಕತ್ತಲು, ಮೇಲೆ ಇನ್ನೂ ಬಿಸಿಲು, ಹಾಗಾಗಿ ಹೊಗೆ ಹೊಳೆಯುತ್ತದೆ. ಸುರುಳಿ ಕಂಡರೆ ಆ ದಿನದ ಉಡಾವಣೆ ಪಟ್ಟಿ ನೋಡಿ, ಸಾಕು.

ಹತ್ತು ಹದಿನೈದು ನಿಮಿಷದ್ದಾದರೆ ವಿಮಾನ, ಬಲೂನು, ಆಕಾಶಬುಟ್ಟಿ, ಡ್ರೋನ್. ನಿಮ್ಮ ಕಡೆಗೇ ನೇರವಾಗಿ ಬರುವ ವಿಮಾನದ ಲ್ಯಾಂಡಿಂಗ್ ಲೈಟು ಎಷ್ಟೋ ನಿಮಿಷ ಒಂದೇ ಕಡೆ ನಿಂತಂತೆ ಕಾಣುತ್ತದೆ, ಶಬ್ದವೂ ಇರಲ್ಲ, ಆಮೇಲೆ ತಿರುಗಿದಾಗ "ಸರ್ರನೆ ಹಾರಿಹೋಯ್ತು" ಅನ್ನಿಸುತ್ತದೆ. ಕೆಂಪು ದೀಪ ಅದರ ಎಡರೆಕ್ಕೆಯದು, ಹಸಿರು ಬಲರೆಕ್ಕೆಯದು. ಗಾಳಿಗೆ ಬಿಟ್ಟ ಬೆಂಕಿಯ ಆಕಾಶಬುಟ್ಟಿಗಳಾದರೆ ಕಿತ್ತಳೆ ಬೆಳಕು, ಎಲ್ಲವೂ ಒಂದೇ ಕಡೆಗೆ ಒಂದೇ ವೇಗದಲ್ಲಿ ತೇಲಿ, ಒಂದಾದ ಮೇಲೊಂದು ಆರುತ್ತವೆ.

ಇನ್ನು ಗಂಟೆಗಟ್ಟಲೆ. ಗಂಟೆಗಟ್ಟಲೆ ಕಂಡಿತು ಅಂದರೆ ನಾನು ಬೇರೇನೂ ಕೇಳಲ್ಲ, ಮೊದಲು ಗ್ರಹ ನಕ್ಷತ್ರ ನೋಡುತ್ತೇನೆ. 2012ರ ಆಗಸ್ಟ್‌ನಿಂದ 2013ರ ಫೆಬ್ರವರಿವರೆಗೆ ಲಡಾಖಿನ ಗಡಿಯಲ್ಲಿ ಸೈನಿಕರು ಸರೋವರದ ಮೇಲೆ ಕಂಡ ಬೆಳಕುಗಳನ್ನು 329 ಸಲ ದಾಖಲಿಸಿದರು. ಚೀನಾದ ಡ್ರೋನ್ ಎಂಬ ಅನುಮಾನ. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನ ಖಗೋಳ ತಜ್ಞರು ದಿಕ್ಕು, ಎತ್ತರ, ಹೊತ್ತು ಜೋಡಿಸಿ ನೋಡಿದಾಗ ಅವು ಗುರು ಮತ್ತು ಶುಕ್ರ. ಗುಡ್ಡ ಅಗೆದು ಇಲಿ ಹಿಡಿದ ಹಾಗಾಯ್ತು ಅಂತ ನಗಬಹುದು. ನನಗೆ ಮಾತ್ರ ಆ ಸೈನಿಕರ ಮೇಲೆ ಗೌರವ ಬಂತು. ಅವರು ಶಿಸ್ತಾಗಿ ಬರೆದಿಟ್ಟಿದ್ದರಿಂದಲೇ ಉತ್ತರ ಸಿಕ್ಕಿದ್ದು.

ಶುಕ್ರನ ಬಗ್ಗೆ ಒಂದು ಸುಲಭದ ಗುರುತು. ಅದು ಸೂರ್ಯನಿಂದ 47 ಡಿಗ್ರಿಗಿಂತ, ಅಂದರೆ ಐದು ಮುಷ್ಟಿಗಿಂತ ದೂರ ಹೋಗುವುದೇ ಇಲ್ಲ. ಸಂಜೆ ಪಶ್ಚಿಮಕ್ಕೆ, ಇಲ್ಲವೇ ಬೆಳಗಿನ ಜಾವ ಪೂರ್ವಕ್ಕೆ. ನಡುರಾತ್ರಿ ನೆತ್ತಿಯ ಮೇಲೆ ಕಂಡದ್ದು ಶುಕ್ರ ಅಂತ ಯಾರಾದರೂ ಸಮಾಧಾನ ಹೇಳಿದರೆ ಒಪ್ಪಬೇಡಿ. "ಕೆಂಪು, ನೀಲಿ, ಹಸಿರು ಲೈಟು ತಿರುಗ್ತಾ ಇತ್ತು" ಅಂದರೆ ದಿಗಂತದ ಹತ್ತಿರ ಲುಬ್ಧಕ (ಸಿರಿಯಸ್) ನಕ್ಷತ್ರ ಇದೆಯಾ ನೋಡಿ. ತಗ್ಗಿನಲ್ಲಿರುವಾಗ ಅದರ ಬೆಳಕು ದಪ್ಪ ಗಾಳಿಯ ಪದರ ದಾಟಿ ಬರಬೇಕು, ಬಣ್ಣಗಳು ಚೆಲ್ಲಾಡುತ್ತವೆ. ಮತ್ತೊಂದು ಪರೀಕ್ಷೆ ಮಾರನೇ ದಿನದ್ದು. ನಕ್ಷತ್ರವಾದರೆ ಹಿಂದಿನ ದಿನಕ್ಕಿಂತ 4 ನಿಮಿಷ ಮೊದಲು ಅದೇ ಜಾಗಕ್ಕೆ ಬಂದು ನಿಂತಿರುತ್ತದೆ. ನಿನ್ನೆ 8:30ಕ್ಕೆ ತೆಂಗಿನಮರದ ತುದಿಯಲ್ಲಿದ್ದರೆ ಇವತ್ತು 8:26ಕ್ಕೆ.

ಆ್ಯಪ್ ತೆರೆಯುವ ಹೊತ್ತು

ನೋಟ್ಸ್ ಕೈಯಲ್ಲಿದ್ದರೆ ಇದು ಹತ್ತು ನಿಮಿಷದ ಕೆಲಸ. ಸ್ಟೆಲ್ಲೇರಿಯಂ ಉಚಿತ ತಂತ್ರಾಂಶ, ಜಾಗ, ತಾರೀಖು, ಟೈಮು ಹಾಕಿದರೆ ಆ ಕ್ಷಣದ ಆಕಾಶ ತೋರಿಸುತ್ತದೆ. ಉಪಗ್ರಹಗಳಿಗೆ ಹೆವೆನ್ಸ್-ಅಬೌವ್ ಜಾಲತಾಣ. ವಿಮಾನಗಳಿಗೆ ಫ್ಲೈಟ್‌ರಾಡಾರ್24, ಅದರಲ್ಲಿ ಹಿಂದಿನ ದಿನಗಳ ದಾರಿಯನ್ನೂ ನೋಡಬಹುದು. ಸೇನೆಯ ವಿಮಾನಗಳು ಅದರಲ್ಲಿ ಕಾಣದೇ ಇರಬಹುದು, ಹಾಗಾಗಿ "ಆ್ಯಪ್‌ನಲ್ಲಿ ಇಲ್ಲ, ಆದ್ದರಿಂದ ವಿಮಾನ ಅಲ್ಲ" ಅನ್ನೋದು ಸರಿಯಲ್ಲ. ಗಾಳಿಯ ದಿಕ್ಕಿಗೆ ಯಾವುದಾದರೂ ಹವಾಮಾನ ಆ್ಯಪ್ ಸಾಕು. ಬೆಳಕು ಗಾಳಿಗೆ ಎದುರಾಗಿ ಹೋಗಿದ್ದರೆ ಬಲೂನನ್ನು ಪಟ್ಟಿಯಿಂದ ತೆಗೆಯಬಹುದು, ಮೇಲಿನ ಗಾಳಿ ಬೇರೆ ದಿಕ್ಕಿನದಿರಬಹುದು ಎಂಬುದನ್ನು ಮರೆಯದಿದ್ದರೆ.

ನಾನು ಒಮ್ಮೆ ಇಡೀ ಸಂಜೆ ಹಾಳು ಮಾಡಿಕೊಂಡದ್ದು ಟೈಮಿನಿಂದ. ಉಪಗ್ರಹದ ಪಟ್ಟಿ ಯುಟಿಸಿಯಲ್ಲಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ಅಂತರರಾಷ್ಟ್ರೀಯ ಟೈಮಿನಲ್ಲಿತ್ತು, ನಾನು ನಮ್ಮ ಗಡಿಯಾರದ ಟೈಮ್ ಅಂದುಕೊಂಡು ತಡಕಾಡಿದೆ. ಏನೂ ಹೊಂದಲಿಲ್ಲ, ಆಗಲೇ ಮನಸ್ಸಿನಲ್ಲಿ "ಇದೇನೋ ಬೇರೆಯೇ ಇರಬೇಕು" ಅಂತ ಶುರುವಾಗಿತ್ತು. ಗಂಟೆಗಳನ್ನು ಸರಿಮಾಡಿದ ಮೇಲೆ ನಿಮಿಷಕ್ಕೆ ನಿಮಿಷ ಕೂಡಿತು. ಮೊದಲು ಟೈಮ್‌ಜೋನ್ ನೋಡಿ.

ಫೋಟೋ, ವಿಡಿಯೋ ಬಂದರೆ

ಫೋಟೋ ಅಂದರೆ ಸಾಕ್ಷಿ ಅಂತ ನಂಬಿಕೆ. ನನಗೆ ಫೋಟೋಗಿಂತ ಚೀಟಿಯಲ್ಲಿ ಬರೆದ ಟೈಮೇ ಮೇಲು. ಫೋನ್ ಕ್ಯಾಮೆರಾ ಕತ್ತಲಲ್ಲಿ ಒಂದು ಚುಕ್ಕಿಯ ಮೇಲೆ ಫೋಕಸ್ ಹಿಡಿಯಲು ಒದ್ದಾಡುತ್ತದೆ, ಆಗ ಶುಕ್ರ ಒಂದು ದೊಡ್ಡ ಹೊಳೆಯುವ ತಟ್ಟೆಯಾಗುತ್ತದೆ, ಉಬ್ಬುತ್ತದೆ, ಕುಗ್ಗುತ್ತದೆ, ಲೆನ್ಸಿನ ಒಳಗಿನ ರಂಧ್ರ ಯಾವ ಆಕಾರವೋ ಆ ಆಕಾರ ಪಡೆಯುತ್ತದೆ. ನನ್ನ ತಮ್ಮ ಕಳಿಸಿದ ವಿಡಿಯೋದಲ್ಲೂ ಅದೇ ಇತ್ತು: ಮೊದಲ ನಾಲ್ಕು ಸೆಕೆಂಡ್ ಸೂಜಿಮೊನೆಯಷ್ಟು ಬೆಳಕು, ಜೂಮ್ ಮಾಡಿದ್ದೇ ತಡ "ಎಂಜಿನ್" ಥರ ಮಿಡಿಯುವ ವೃತ್ತ.

ಪರೀಕ್ಷಿಸುವುದು ಹೀಗೆ. ಚಿತ್ರದಲ್ಲಿ ಬೀದಿದೀಪ ಅಥವಾ ಸೂರ್ಯನಂಥ ಪ್ರಖರ ಬೆಳಕಿದ್ದರೆ, ಅಲ್ಲಿಂದ ಚಿತ್ರದ ನಟ್ಟನಡುವಿಗೆ ಗೆರೆ ಎಳೆದು ಅಷ್ಟೇ ದೂರ ಆಚೆಗೆ ಹೋಗಿ. "ವಸ್ತು" ಅಲ್ಲೇ ಕೂತಿದ್ದರೆ ಅದು ಲೆನ್ಸಿನೊಳಗಿನ ಪ್ರತಿಫಲನ. ಗಾಜಿನ ಒಳಗಿಂದ ತೆಗೆದದ್ದಾ ಅಂತ ಕೇಳಿ, ಹಿಂದಿನ ಟ್ಯೂಬ್‌ಲೈಟ್ ಕಿಟಕಿಯಲ್ಲಿ ಕಾಣುವುದು ಹೊಸದೇನಲ್ಲ. ಸಿಸಿಟಿವಿಯಲ್ಲಿ ರಾತ್ರಿ ತೇಲಿದ ಬಿಳಿ ಉಂಡೆ ಲೆನ್ಸಿನ ಮುಂದೆಯೇ ಹಾರಿದ ಹುಳ ಇರಬಹುದು, ಮತ್ತು ಸಿಸಿಟಿವಿಯ ಗಡಿಯಾರವನ್ನು ನಂಬುವ ಮುಂಚೆ ನಿಮ್ಮ ಫೋನಿನ ಜೊತೆ ಹೋಲಿಸಿ. ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದರೆ ಅದರೊಳಗಿನ ಟೈಮು, ಕ್ಯಾಮೆರಾ ವಿವರ ಹೊರಟುಹೋಗುತ್ತವೆ. ಡಾಕ್ಯುಮೆಂಟ್ ಆಗಿ ಕಳಿಸಿ ಅಂತ ಕೇಳಿ.

ನೀವೇ ತೆಗೆಯುತ್ತಿದ್ದರೆ ಜೂಮ್ ಬೇಡ. ಚೌಕಟ್ಟಿನಲ್ಲಿ ಒಂದು ಕಂಬವೋ ಮನೆಯೋ ಇರಲಿ, ಫೋನನ್ನು ಗೋಡೆಗೆ ಒತ್ತಿ ಹಿಡಿಯಿರಿ, ಬಾಯಲ್ಲಿ ಟೈಮು ದಿಕ್ಕು ಹೇಳುತ್ತಾ ಹೋಗಿ. ಲೇಸರ್ ಲೈಟ್ ಮಾತ್ರ ಬಿಡಬೇಡಿ, ಅದು ವಿಮಾನವೇ ಆಗಿದ್ದರೆ ಪೈಲಟ್‌ನ ಕಣ್ಣಿಗೆ ಅಪಾಯ.

ಹಗಲಿನಲ್ಲಿ, ಮತ್ತೆ ನೆಲದ ಮೇಲೆ

ಹಗಲಿನ ಕೇಸುಗಳು ಕಡಿಮೆ, ಆದರೆ ಚೆಂದ. ಸೂರ್ಯನ ಎಡಕ್ಕೂ ಬಲಕ್ಕೂ ಒಂದೊಂದು ಸೂರ್ಯ ಕಂಡರೆ, ಸೂರ್ಯನನ್ನು ಕಂಬದ ಹಿಂದೆ ಮರೆಮಾಡಿ ಗೇಣು ಹಾಕಿ. ಅದೇ ಎತ್ತರದಲ್ಲಿ ಒಂದು ಗೇಣು, ಅಂದರೆ 22 ಡಿಗ್ರಿ ದೂರ ಇದ್ದರೆ ಅವು ತೆಳು ಮೋಡದ ಹಿಮಹರಳುಗಳಲ್ಲಿ ಬೆಳಕು ಬಾಗಿ ಆದ ಸುಳ್ಳು ಸೂರ್ಯರು. 1535ರಲ್ಲಿ ಸ್ಟಾಕ್‌ಹೋಮ್ ನಗರದ ಮೇಲೆ ಇದು ಕಂಡಾಗ ಜನ ಅದನ್ನು ಚಿತ್ರ ಬರೆಸಿಟ್ಟರು, ಅದರ 1636ರ ಪ್ರತಿ ಇವತ್ತಿಗೂ ಇದೆ. ಸೂರ್ಯನ ಕಡೆ ಬೈನಾಕ್ಯುಲರ್ ಎತ್ತಲೇಬೇಡಿ.

ಬೆಟ್ಟದ ಹತ್ತಿರ ದೋಸೆ ಮೇಲೆ ದೋಸೆ ಪೇರಿಸಿದ ಹಾಗೆ ಗಂಟೆಗಟ್ಟಲೆ ಅಲ್ಲಾಡದೆ ನಿಂತ ತಟ್ಟೆ ಕಂಡರೆ ಅದು ಮೋಡ. ಗಾಳಿ ಬೆಟ್ಟ ಹತ್ತಿ ಇಳಿಯುವಾಗ ಅಲೆ ಏಳುತ್ತದೆ, ಅಲೆಯ ತುದಿಯಲ್ಲಿ ಒಂದು ಕಡೆ ಮೋಡ ಹುಟ್ಟುತ್ತಾ ಇನ್ನೊಂದು ಕಡೆ ಆರುತ್ತಾ ಇರುತ್ತದೆ. ಅದಕ್ಕೇ ಗಾಳಿ ಓಡಿದರೂ ಮೋಡ ನಿಂತಿರುತ್ತದೆ. ಸಂಜೆಯ ಬಿಸಿಲು ಬಿದ್ದ ವಿಮಾನದ ಹೊಗೆಗೆರೆ ಕೆಳಗಿಂದ ಮೇಲಕ್ಕೆ ಹೋಗುವ ಕ್ಷಿಪಣಿಯಂತೆ ಕಾಣುತ್ತದೆ. 2010ರ ನವೆಂಬರ್ 8ರಂದು ಕ್ಯಾಲಿಫೋರ್ನಿಯಾ ಕಡಲತೀರದಲ್ಲಿ ಇಂಥದ್ದನ್ನು ಟಿವಿಯವರು ಹೆಲಿಕಾಪ್ಟರ್‌ನಿಂದ ಸೆರೆಹಿಡಿದು ದೊಡ್ಡ ಗುಲ್ಲೇ ಆಗಿತ್ತು.

ದಿಗಂತಕ್ಕೆ ಅಂಟಿಕೊಂಡು ಕುಣಿಯುವ ಬೆಳಕಾದರೆ ಆಕಾಶ ಬಿಟ್ಟು ಮ್ಯಾಪ್ ತೆರೆಯಿರಿ, ಆ ದಿಕ್ಕಿನಲ್ಲಿ ರಸ್ತೆ ಇದೆಯಾ ನೋಡಿ. ಅಮೆರಿಕದ ಟೆಕ್ಸಾಸ್‌ನ ಮಾರ್ಫಾ ಊರಿನ ಹತ್ತಿರ ರಾತ್ರಿ ಕಾಣುವ, ನಿಗೂಢ ಅಂತ ಹೆಸರಾದ ಬೆಳಕುಗಳನ್ನು 2004ರಲ್ಲಿ ಭೌತವಿಜ್ಞಾನದ ವಿದ್ಯಾರ್ಥಿಗಳು ನಾಲ್ಕು ರಾತ್ರಿ ಕೂತು ಗಮನಿಸಿದರು. ದೂರದ ಹೆದ್ದಾರಿಯ ಕಾರುಗಳ ಹೆಡ್‌ಲೈಟಿಗೂ ಅವರಿಗೆ ಕಂಡ ಬೆಳಕುಗಳಿಗೂ ತಾಳೆಯಾಯಿತು. ತಣ್ಣನೆಯ ಗಾಳಿ ಕೆಳಗೆ, ಬೆಚ್ಚನೆಯದು ಮೇಲೆ ಇದ್ದ ರಾತ್ರಿ ಬೆಳಕು ಬಾಗಿ, ಕಾಣಬಾರದಷ್ಟು ದೂರದ ದೀಪವೂ ಎದ್ದು ಕಾಣುತ್ತದೆ.

ತೀರ್ಪು ಬರೆಯುವಾಗ

ಫ್ರಾನ್ಸಿನ ಬಾಹ್ಯಾಕಾಶ ಸಂಸ್ಥೆಯ ಗೆಪಾನ್ ಎಂಬ ವಿಭಾಗ 1977ರಿಂದ ಇದೇ ಕೆಲಸ ಮಾಡುತ್ತಿದೆ, ಈಗ ಅದರ ಹೆಸರು ಗೀಪಾನ್. ಅವರು ಪ್ರತಿ ಕೇಸಿಗೂ ನಾಲ್ಕರಲ್ಲಿ ಒಂದು ಅಕ್ಷರ ಕೊಡುತ್ತಾರೆ. ಎ ಅಂದರೆ ಖಚಿತವಾಗಿ ಗೊತ್ತಾಯಿತು, ಬಿ ಬಹುಶಃ ಇದೇ, ಸಿ ಮಾಹಿತಿ ಸಾಲದು, ಡಿ ಮಾಹಿತಿ ಇದ್ದೂ ಗೊತ್ತಾಗಲಿಲ್ಲ. ನಾನೂ ಇದನ್ನೇ ಬಳಸುತ್ತೇನೆ. ಸಿ ಮತ್ತು ಡಿ ನಡುವೆ ಇರುವ ಅಂತರವೇ ಇದರ ಜೀವ. "ಒಂದು ರಾತ್ರಿ, ಯಾವಾಗಲೋ, ಏನೋ ಹೊಳೀತು" ಎನ್ನುವುದು ರಹಸ್ಯ ಅಲ್ಲ, ಮಾಹಿತಿ ಇಲ್ಲದ ಚೀಟಿ. ಅಮೆರಿಕದ ವಾಯುಪಡೆ ಇಂಥ ವರದಿಗಳನ್ನೇ ಪರಿಶೀಲಿಸುತ್ತಿದ್ದ ತನ್ನ ಬ್ಲೂ ಬುಕ್ ಯೋಜನೆಯನ್ನು 1969ರಲ್ಲಿ ಮುಚ್ಚಿದಾಗ 12,618 ವರದಿಗಳಲ್ಲಿ 701 ಗುರುತು ಸಿಗದೆ ಉಳಿದಿದ್ದವು. ಆ 701 ಕೈಯಲ್ಲಿ ಹಿಡಿದು "ನೋಡಿದ್ರಾ!" ಅನ್ನುವವರು ಇದ್ದಾರೆ. ಗುರುತು ಸಿಗಲಿಲ್ಲ ಅನ್ನುವುದು ಯಾವುದರ ಗುರುತೂ ಅಲ್ಲ.

ಹಾಗಂತ ಎಲ್ಲವನ್ನೂ ಬೆಳ್ಳಿ ಅಂತ ತಳ್ಳಿಹಾಕಿದರೂ ತಪ್ಪೇ. ಗುಡುಗುಮೋಡದ ನೆತ್ತಿಯ ಮೇಲೆ ಮಿಂಚು ಮೇಲ್ಮುಖವಾಗಿ ಹೊಳೆಯಿತು ಅಂತ ಪೈಲಟ್‌ಗಳು ಎಷ್ಟೋ ವರ್ಷ ಹೇಳುತ್ತಿದ್ದರು, ಕೇಳಿದವರು ಕಡಿಮೆ. 1989ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದವರು ಬೇರೇನೋ ಕೆಲಸಕ್ಕೆ ಕ್ಯಾಮೆರಾ ಪರೀಕ್ಷಿಸುವಾಗ ಅದು ಅಕಸ್ಮಾತ್ತಾಗಿ ಸಿಕ್ಕಿಬಿತ್ತು. ಈಗ ಅವನ್ನು ಸ್ಪ್ರೈಟ್ ಅನ್ನುತ್ತಾರೆ, ಸುಮಾರು 50ರಿಂದ 90 ಕಿಲೋಮೀಟರ್ ಎತ್ತರದಲ್ಲಿ ಕ್ಷಣಮಾತ್ರ ಹೊಳೆಯುವ ಕೆಂಪು ಮಿಂಚು. ಪೂರ್ತಿ ಸಹಜ, ಆದರೂ ಹೊಸದು. ಹಾಗಾಗಿ ನಿಮ್ಮ ಡಿ ಚೀಟಿಗಳನ್ನು ಎಸೆಯಬೇಡಿ.

ಉತ್ತರ ಗೊತ್ತಾದ ಮೇಲೆ ಕಂಡವರಿಗೆ ಹೇಳುವುದೂ ಒಂದು ಕೆಲಸ. "ಅಯ್ಯೋ, ಬರೀ ಶುಕ್ರ" ಅನ್ನಬೇಡಿ. ಕರೆದುಕೊಂಡು ಹೋಗಿ ತೋರಿಸಿ. ಮಾರನೇ ಸಂಜೆ ನಾನು ಅವರ ಮನೆಗೆ ಹೋದೆ. ಮಹಡಿ ಮೇಲೆ ತಮ್ಮ, ಅವನ ಹೆಂಡತಿ, ಮಗು ಎಲ್ಲ ಸಾಲಾಗಿ ನಿಂತು ಮುಷ್ಟಿ ಎತ್ತಿ ಅಳೆದೆವು. ಒಂಬತ್ತು ಗಂಟೆ ದಾಟಿದ ಮೇಲೆ ಅದು ಕೆಂಪಗಾಗಿ ನೀರಿನ ಟ್ಯಾಂಕಿನ ಹಿಂದೆ ಇಳಿಯಿತು. ಮಾರ್ಚ್ ಕೊನೆಗೆ ಸಂಜೆ ಆಕಾಶದಿಂದ ಅದು ಕಾಣೆಯಾಯಿತು, ಅವನೂ ಮರೆತ ಅಂದುಕೊಂಡೆ. ಏಪ್ರಿಲ್ ಕೊನೆಯಲ್ಲಿ ಒಂದು ದಿನ ಬೆಳಗಿನ ಜಾವ ಐದಕ್ಕೆ ಫೋನು.

"ಅಣ್ಣಾ, ನಿನ್ನ ಲೈಟು ಪೂರ್ವಕ್ಕೆ ಬಂದಿದೆ. ಒಂದೂವರೆ ಮುಷ್ಟಿ."